ಬೆಳ್ಳಿಯೊಳಗೆ ತಾಮ್ರಕ್ಕೇನು ಕೆಲಸ?

ಕರ್ನಾಟಕದ ಉತ್ತರದ ತುದಿಯಲ್ಲಿ ಬೀದರ್. ನಿಪ್ಪಾಣಿಯ ಕಡೆಯಿಂದ ಗಡಿ ದಾಟಿದರೆ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ ಹುಪರಿ. ಎರಡೂ ಊರುಗಳಲ್ಲಿ ಬೆಳ್ಳಿಯನ್ನೇ ನಂಬಿದ ಕುಶಲಕರ್ಮಿಗಳಿದ್ದಾರೆ. ಆದರೆ ಬೀದರಿನವರಿಗೆ ಬೇಕಾದ ಬೆಳ್ಳಿ ಹುಪರಿಯವರಿಗೆ ಆಗಿಬರುವುದಿಲ್ಲ. ಹುಪರಿಯ ಬೆಳ್ಳಿ ಬೀದರಿನವರ ಉಳಿಗೆ ಒಗ್ಗುವುದಿಲ್ಲ.

ಬಿದರಿ ಹೂದಾನಿಯ ಒಡಲು ಸತು ಮತ್ತು ತಾಮ್ರದ ಎರಕ. ಅದರಲ್ಲಿ ಸತುವಿನದೇ ಸಿಂಹಪಾಲು. ಕಲಾವಿದ ಅದರ ಮೈಮೇಲೆ ಬಳ್ಳಿ, ಹೂವು, ಎಲೆಗಳನ್ನು ಉಳಿಯಿಂದ ಕೊರೆದು, ಆ ಸಣ್ಣ ಕಾಲುವೆಗಳೊಳಗೆ ಬೆಳ್ಳಿಯ ತಂತಿಯನ್ನೋ ತಗಡಿನ ತುಣುಕನ್ನೋ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾನೆ. ತಂತಿ ಎಷ್ಟು ಮೆತ್ತಗಿರಬೇಕೆಂದರೆ, ತಟ್ಟಿದ ಕೂಡಲೇ ಕಾಲುವೆಯ ಅಂಚುಗಳಿಗೆ ತುಂಬಿಕೊಂಡು ಅಲ್ಲೇ ಕಚ್ಚಿ ಕೂರಬೇಕು. ಅಂಟಿಲ್ಲ, ಬೆಸುಗೆಯಿಲ್ಲ. ಆಮೇಲೆ ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ತಿಕ್ಕಿದಾಗ ಒಡಲು ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಖಾದ್ರಿಯವರ ಕೈಯಲ್ಲಿ ಬೆಳಗಿದ ಈ ಕಲೆಗೆ ಚೊಕ್ಕ ಬೆಳ್ಳಿಯೇ ಆಗಬೇಕು. ತಾಮ್ರ ಬೆರೆತು ಗಡುಸಾದ ತಂತಿ ಕಾಲುವೆಯಿಂದ ಪುಟಿದೇಳುತ್ತದೆ.

ಹುಪರಿಯ ಹೆಸರುವಾಸಿ ಸರಕು ಕಾಲ್ಗೆಜ್ಜೆ. ಅದರ ಪಾಡೇ ಬೇರೆ. ಹೊಸಿಲು, ಮಂಚದ ಕಾಲು, ಬಚ್ಚಲ ಕಲ್ಲು, ಸೀರೆಯ ಅಂಚು, ಎಲ್ಲಕ್ಕೂ ತಾಗುತ್ತ, ಎಳೆದಾಡಿಸಿಕೊಳ್ಳುತ್ತ ಅದು ದಿನವಿಡೀ ಕಾಲಲ್ಲಿರಬೇಕು. ಚೊಕ್ಕ ಬೆಳ್ಳಿಯಲ್ಲಿ ಅದನ್ನು ಮಾಡಿದರೆ ವರ್ಷ ತುಂಬುವುದರೊಳಗೆ ಕೊಂಡಿಗಳು ಸಡಿಲಗೊಂಡು ಗೆಜ್ಜೆ ಉದುರಲಾರಂಭಿಸುತ್ತದೆ. ಅಲ್ಲಿ ತಾಮ್ರ ಬೇಕೇ ಬೇಕು.

ಅಂಗಡಿಯ ಗಾಜಿನ ಕಟ್ಟೆಯ ಮುಂದೆ ನಿಂತು "ಚೊಕ್ಕ ಬೆಳ್ಳಿನೇ ತಾನೆ?" ಎಂದು ಕೇಳುವ ಗಿರಾಕಿ ತಪ್ಪು ಪ್ರಶ್ನೆ ಕೇಳುತ್ತಿದ್ದಾನೆ ಎಂದಲ್ಲ, ಅರ್ಧ ಪ್ರಶ್ನೆ ಕೇಳುತ್ತಿದ್ದಾನೆ. ಶುದ್ಧತೆಯನ್ನು ಪರೀಕ್ಷೆಯ ಅಂಕದಂತೆ, ಹೆಚ್ಚಿದ್ದಷ್ಟೂ ಜಾಣ ಎಂಬಂತೆ ಓದುವ ಅಭ್ಯಾಸ ನಮ್ಮದು. ಬೆಳ್ಳಿಯ ಲೋಕದಲ್ಲಿ ಆ ಓದು ನಡೆಯುವುದಿಲ್ಲ. 999 ಎಂಬುದು ಒಂದು ಕೆಲಸಕ್ಕೆ, 925 ಇನ್ನೊಂದಕ್ಕೆ, 800 ಮತ್ತೊಂದಕ್ಕೆ. ಮೋಸ ಶುರುವಾಗುವುದು ಸಂಖ್ಯೆ ಕಡಿಮೆಯಿದ್ದಾಗಲ್ಲ. ಒಂದು ಸಂಖ್ಯೆಯ ಸರಕನ್ನು ಕೊಟ್ಟು ಇನ್ನೊಂದು ಸಂಖ್ಯೆಯ ಹಣ ಪಡೆದಾಗ.

ಸಂಖ್ಯೆಗಳ ಅರ್ಥ ಸರಳ. ಸಾವಿರ ಭಾಗ ಲೋಹದಲ್ಲಿ ಬೆಳ್ಳಿಯ ಪಾಲೆಷ್ಟು ಎಂಬುದೇ ಲೆಕ್ಕ. 925 ಎಂದರೆ ಸಾವಿರಕ್ಕೆ 925 ಭಾಗ ಬೆಳ್ಳಿ, ಉಳಿದ 75 ಭಾಗ ಬೇರೆ ಲೋಹ, ಬಹುಮಟ್ಟಿಗೆ ತಾಮ್ರ. ಚಿನ್ನಕ್ಕಿರುವ ಕ್ಯಾರೆಟ್ ಲೆಕ್ಕ ಬೆಳ್ಳಿಗಿಲ್ಲ. ಪೇಟೆಯಲ್ಲಿ ಇದನ್ನೇ ನೂರಕ್ಕೆ ಇಳಿಸಿ "92 ಟಚ್", "70 ಟಚ್" ಎನ್ನುತ್ತಾರೆ. ಮರಾಠಿ, ಹಿಂದಿ ವ್ಯಾಪಾರಿಗಳ ಬಾಯಲ್ಲಿ ಅದು "ಟಂಚ್". ಗಟ್ಟಿ ಬೆಳ್ಳಿಯ ಅಂತರರಾಷ್ಟ್ರೀಯ ವ್ಯವಹಾರದಲ್ಲಿ ಕನಿಷ್ಠ ಮಟ್ಟ 999. ಲಂಡನ್ ಮಾರುಕಟ್ಟೆ ಒಪ್ಪುವ ಸುಮಾರು ಸಾವಿರ ಔನ್ಸ್ ತೂಕದ ಗಟ್ಟಿಗಳೂ, ನಮ್ಮ ಬೆಳ್ಳಿ ಇಟಿಎಫ್‌ಗಳ ಹೆಸರಿನಲ್ಲಿ ಉಗ್ರಾಣ ಸೇರುವ 30 ಕಿಲೋ ಗಟ್ಟಿಗಳೂ ಈ ಮಟ್ಟದವೇ. ಪತ್ರಿಕೆಯಲ್ಲಿ ದಿನಾ ಅಚ್ಚಾಗುವ ಚಿನಿವಾರ ಪೇಟೆಯ ದರವೂ ಇಂಥ ಬೆಳ್ಳಿಯದು, ಕಾಲ್ಗೆಜ್ಜೆಯದಲ್ಲ. ಈ ಒಂದು ಮಾತು ತಿಳಿದಿದ್ದರೆ ಅರ್ಧ ಜಗಳ ತಪ್ಪುತ್ತದೆ.

ತಾಮ್ರವೇ ಏಕೆ? ಬೆಳ್ಳಿಯ ಪರಮಾಣುಗಳು ಒಂದೇ ಅಳತೆಯ ತಟ್ಟೆಗಳನ್ನು ಜೋಡಿಸಿಟ್ಟಂತೆ ಸಾಲುಸಾಲಾಗಿ ಕೂತಿರುತ್ತವೆ. ಒತ್ತಡ ಬಿದ್ದರೆ ಒಂದು ಸಾಲು ಇನ್ನೊಂದರ ಮೇಲೆ ಸುಲಭವಾಗಿ ಜಾರುತ್ತದೆ. ನಡುನಡುವೆ ಅಳತೆಯಲ್ಲಿ ಕೊಂಚ ಚಿಕ್ಕದಾದ ತಾಮ್ರದ ಪರಮಾಣುಗಳು ಸೇರಿಕೊಂಡರೆ ಆ ಜಾರುವಿಕೆ ತೊಡರುತ್ತದೆ. ಕಾಯಿಸಿ ಮೆತ್ತಗೆ ಮಾಡಿದ ಸ್ಥಿತಿಯಲ್ಲಿ ಹೋಲಿಸಿದರೂ 925ರ ಬೆಳ್ಳಿ 999ರ ಬೆಳ್ಳಿಗಿಂತ ಎರಡು ಪಟ್ಟಿಗೂ ಹೆಚ್ಚು ಗಡುಸು. ಸಾವಿರಕ್ಕೆ 75 ಭಾಗ ಬೆರಕೆಗೆ ಸಿಕ್ಕ ಪ್ರತಿಫಲ ಅದು. ಬಣ್ಣ ಬಹುಮಟ್ಟಿಗೆ ಬೆಳ್ಳಗೇ ಉಳಿಯುತ್ತದೆ. ತಾಮ್ರ ಇನ್ನೂ ಏರುತ್ತ ಹೋದರೆ ಹಳದಿಯ ಛಾಯೆ, ಆಮೇಲೆ ಕೆಂಪು.

ಕರಗುವ ಬಿಂದುವಿನಲ್ಲೂ ಒಂದು ಚಮತ್ಕಾರವಿದೆ. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತಾಮ್ರ 1,085ರಲ್ಲಿ. ಆದರೆ 72 ಭಾಗ ಬೆಳ್ಳಿಗೆ 28 ಭಾಗ ತಾಮ್ರ ಸೇರಿಸಿದರೆ ಆ ಮಿಶ್ರಣ 780 ಡಿಗ್ರಿಗೇ ನೀರಾಗುತ್ತದೆ, ಎರಡರಲ್ಲಿ ಯಾವುದೊಂದಕ್ಕಿಂತಲೂ ಬೇಗ. ಅಕ್ಕಸಾಲಿಗರ ಬೆಸುಗೆಯ ಗುಟ್ಟು ಇಲ್ಲಿದೆ. ಇಂಥ ಮಿಶ್ರಣಕ್ಕೆ ಸ್ವಲ್ಪ ಸತುವನ್ನೂ ಸೇರಿಸಿ ಮಾಡಿದ ಬೆಸುಗೆ, ಒಡವೆಯ ಮೈ ಕರಗುವ ಮೊದಲೇ ಕರಗಿ ಸಂದು ಕೂಡಿಸುತ್ತದೆ. ಅದರಲ್ಲಿ ಬೆಳ್ಳಿಯ ಪಾಲು ಸಾಮಾನ್ಯವಾಗಿ ನೂರಕ್ಕೆ 65ರಿಂದ 75. ಸಂದು ಹೆಚ್ಚಿದಷ್ಟೂ ಒಡವೆಯ ಒಟ್ಟು ಶುದ್ಧತೆ ಇಳಿಯುತ್ತದೆ. ಎರಕ ಹೊಯ್ದ ಕಡಗಕ್ಕೆ ಈ ತೊಂದರೆ ಇಲ್ಲ. ನೂರಾರು ಕೊಂಡಿಗಳ ಕಾಲ್ಗೆಜ್ಜೆಗೆ ತಪ್ಪಿದ್ದಲ್ಲ. ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆ ಕಟ್ಟಿದವರು ಬೆಸುಗೆಯ ಲೆಕ್ಕ ಹಾಕಿರಲಾರರು.

925 ಎಂಬ ಸಂಖ್ಯೆ ಪ್ರಯೋಗಾಲಯದಲ್ಲಿ ಹುಟ್ಟಿದ್ದಲ್ಲ. ಇಂಗ್ಲೆಂಡಿನ ಬೆಳ್ಳಿ ನಾಣ್ಯದ ಮಟ್ಟವೇ ಅದು. 1300ರಲ್ಲಿ ಒಂದನೇ ಎಡ್ವರ್ಡ್ ದೊರೆಯ ಶಾಸನ, ಬೆಳ್ಳಿ ಸಾಮಾನುಗಳೂ ನಾಣ್ಯದಷ್ಟೇ ಶುದ್ಧವಾಗಿರಬೇಕು, ಪರೀಕ್ಷಿಸಿದ ಮೇಲೆ ಚಿರತೆಯ ತಲೆಯ ಮುದ್ರೆ ಬೀಳಬೇಕು ಎಂದು ವಿಧಿಸಿತು. ನಾಣ್ಯಕ್ಕೂ ತಟ್ಟೆಗೂ ಒಂದೇ ಮಟ್ಟವಾದ್ದರಿಂದ ಕಾಸು ಕರಗಿಸಿ ತಟ್ಟೆ ಮಾಡುವುದು, ತಟ್ಟೆ ಕರಗಿಸಿ ಕಾಸು ಹೊಡೆಯುವುದು ಸರಾಗವಾಯಿತು. ಅದೇ ಮುಂದೆ ತಲೆನೋವಾಯಿತು. ಹದಿನೇಳನೇ ಶತಮಾನದ ಕೊನೆಗೆ ಜನ ನಾಣ್ಯದ ಅಂಚು ಕತ್ತರಿಸಿ, ಕರಗಿಸಿ, ಬೆಳ್ಳಿ ಕೆಲಸಗಾರರಿಗೆ ಮಾರತೊಡಗಿದರು. ಇದನ್ನು ತಡೆಯಲು 1697ರಲ್ಲಿ ಸರ್ಕಾರ ಸಾಮಾನುಗಳ ಮಟ್ಟವನ್ನು 958ಕ್ಕೆ ಏರಿಸಿತು. ನಾಣ್ಯ 925ರಲ್ಲೇ ಉಳಿಯಿತು. ಕಾಸನ್ನು ನೇರವಾಗಿ ಕರಗಿಸಿ ಸಾಮಾನು ಮಾಡಿದರೆ ಇನ್ನು ಮುದ್ರೆ ಬೀಳದು. ಉಪಾಯ ಚೆನ್ನಾಗಿತ್ತು, ಆದರೆ 958ರ ಬೆಳ್ಳಿ ಮೆತ್ತಗಿತ್ತು, ದುಬಾರಿಯೂ ಆಗಿತ್ತು. 1720ರಲ್ಲಿ ಮತ್ತೆ 925ಕ್ಕೆ ಅವಕಾಶ ಕೊಡಲಾಯಿತು. ಬ್ರಿಟಾನಿಯಾ ಎಂಬ ಹೆಸರಿನ 958 ಐಚ್ಛಿಕ ಮಟ್ಟವಾಗಿ ಇಂದಿಗೂ ಉಳಿದಿದೆ. ಹೆಚ್ಚು ಶುದ್ಧವಾದದ್ದನ್ನು ಕಾನೂನೇ ಹೇರಿದಾಗಲೂ ಚಮಚ ತಟ್ಟೆಗಳ ಜಗತ್ತು ಅದನ್ನು ಒಪ್ಪಿಕೊಳ್ಳಲಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ.

ನಾಣ್ಯಗಳ ವಿಷಯದಲ್ಲಿ ನಮ್ಮ ಕಡೆಯ ದಾಖಲೆ ಇನ್ನೂ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ತಾಳೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರ, ಬೆಳ್ಳಿಯ ಪಣಕ್ಕೆ ಪಾಕವನ್ನೇ ಹೇಳುತ್ತದೆ. ಹದಿನಾರು ಭಾಗದಲ್ಲಿ ನಾಲ್ಕು ಭಾಗ ತಾಮ್ರ, ಒಂದು ಭಾಗ ಕಬ್ಬಿಣ, ತವರ, ಸೀಸ ಅಥವಾ ಅಂಜನ. ಉಳಿದ ಹನ್ನೊಂದು ಭಾಗ ಬೆಳ್ಳಿ. ಇಂದಿನ ಭಾಷೆಯಲ್ಲಿ 687ರ ಆಸುಪಾಸು. ರಾಜನ ಟಂಕಸಾಲೆಯೇ ಗೊತ್ತಿದ್ದು, ಬರೆದಿಟ್ಟು, ಬೆರಕೆ ಮಾಡುತ್ತಿತ್ತು. ಕಲ್ಮಷ ಬೆಳ್ಳಿಗೆ ಕಾಲು ಭಾಗ ಸೀಸ ಸೇರಿಸಿ ಶುದ್ಧಿ ಮಾಡುವ ಕ್ರಮವೂ, ಹಗುರ ಲೋಹದ ಮೇಲೆ ಬೆಲೆಯ ಲೋಹದ ಹೊದಿಕೆ ಹಾಕಿ ವಂಚಿಸುವ ಬಗೆಗಳೂ ಅದೇ ಗ್ರಂಥದಲ್ಲಿವೆ. ಬೆರಕೆ ಮತ್ತು ವಂಚನೆ ಬೇರೆ ಬೇರೆ ಎಂಬ ವಿವೇಕ ಆ ಅಧಿಕಾರಿಗಳಿಗಿತ್ತು.

ಅಜ್ಜಿಯ ಪೆಟ್ಟಿಗೆಯಲ್ಲಿ ಸಿಗುವ ವಿಕ್ಟೋರಿಯಾ ರಾಣಿಯ ರೂಪಾಯಿಗೂ ಇಂಥದೇ ಲೆಕ್ಕವಿದೆ. 1835ರಿಂದ ಈಸ್ಟ್ ಇಂಡಿಯಾ ಕಂಪನಿ ದೇಶಕ್ಕೆಲ್ಲ ಒಂದೇ ಎಂದು ತಂದ ರೂಪಾಯಿ ಒಂದು ತೊಲ ತೂಗುತ್ತಿತ್ತು, ಅಂದರೆ 11.66 ಗ್ರಾಂ. ಶುದ್ಧತೆ 917, ಹನ್ನೆರಡರಲ್ಲಿ ಹನ್ನೊಂದು ಭಾಗ. ಒಂದು ನಾಣ್ಯದಲ್ಲಿರುವ ಬೆಳ್ಳಿ 10.69 ಗ್ರಾಂ. ಮೊದಲ ಮಹಾಯುದ್ಧದ ಕಾಲಕ್ಕೆ ಈ ರೂಪಾಯಿಗೆ ಬೆಳ್ಳಿ ಸಾಲದೆ ಬಂದಾಗ, ಅಮೆರಿಕ 1918ರ ಪಿಟ್‌ಮನ್ ಕಾಯ್ದೆಯ ಅಡಿ ಸುಮಾರು 27 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ, ಬಹುಪಾಲನ್ನು ಬ್ರಿಟನ್ನಿಗೆ ಭಾರತಕ್ಕೆಂದೇ ಮಾರಿತು. 900ರ ಡಾಲರು 917ರ ರೂಪಾಯಿಯಾಗಿ ಇಲ್ಲಿನ ಹೊಲಗದ್ದೆಯವರ ಕೈಸೇರಿತು. ಎರಡನೇ ಮಹಾಯುದ್ಧದಲ್ಲಿ ಅಷ್ಟು ಬೆಳ್ಳಿ ಹಾಕಲೂ ಪೂರೈಸಲಿಲ್ಲ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ, ಉಳಿದರ್ಧವನ್ನು ತಾಮ್ರ, ನಿಕ್ಕಲ್, ಸತುವಿನಿಂದ ತುಂಬಿದರು. 1947ರ ರೂಪಾಯಿ ಪೂರಾ ನಿಕ್ಕಲ್. ಆದ್ದರಿಂದ ಹಳೆಯ ರೂಪಾಯಿ ಮಾರಹೊರಟವರು ಮೊದಲು ನೋಡಬೇಕಾದದ್ದು ದೊರೆಯ ಮುಖವನ್ನಲ್ಲ, ಇಸವಿಯನ್ನು. ಆರನೇ ಜಾರ್ಜ್‌ನ ಒಂದೇ ಮುಖ 917ರಲ್ಲೂ ಇದೆ, 500ರಲ್ಲೂ ಇದೆ, ಬೆಳ್ಳಿಯೇ ಇಲ್ಲದ ನಿಕ್ಕಲ್‌ನಲ್ಲೂ ಇದೆ.

ಅರ್ಧವೇ ಬೆಳ್ಳಿಯಿದ್ದರೂ ಆ ರೂಪಾಯಿ ಹೊಸದಾಗಿದ್ದಾಗ ಬೆಳ್ಳಗೆ ಹೊಳೆಯುತ್ತಿದ್ದದ್ದು ಹೇಗೆ? ಬೆಳ್ಳಿ ವ್ಯಾಪಾರದ ಅತಿ ದೊಡ್ಡ ಕಣ್ಕಟ್ಟು ಇಲ್ಲಿದೆ. ಬೆರಕೆ ಬೆಳ್ಳಿಯನ್ನು ಕಾಯಿಸಿದರೆ ಹೊರಮೈಯ ತಾಮ್ರ ಗಾಳಿಯೊಡನೆ ಸೇರಿ ಕಪ್ಪಾಗುತ್ತದೆ. ಅದನ್ನು ತಿಳಿ ಗಂಧಕಾಮ್ಲದಲ್ಲೋ ಹುಣಸೆಹುಳಿಯ ನೀರಿನಲ್ಲೋ ಕುದಿಸಿದರೆ ಆ ಕಪ್ಪು ಕರಗಿಹೋಗಿ, ಮೇಲ್ಪದರದಲ್ಲಿ ಹೆಚ್ಚುಕಡಿಮೆ ಬೆಳ್ಳಿ ಮಾತ್ರ ಉಳಿಯುತ್ತದೆ. ಒಳಗೆ 60 ಇದ್ದರೂ ಹೊರಗೆ 95ರ ಮುಖ. ಇಂಗ್ಲೆಂಡಿನ ಎಂಟನೇ ಹೆನ್ರಿ 1540ರ ದಶಕದಲ್ಲಿ ಖಜಾನೆ ತುಂಬಿಸಲು ನಾಣ್ಯಗಳಿಗೆ ತಾಮ್ರ ಸುರಿಸಿದಾಗ ಆಗಿದ್ದೂ ಇದೇ. ಬೆಳ್ಳಿಯ ಪೊರೆ ಮೊದಲು ಸವೆದದ್ದು ನಾಣ್ಯದಲ್ಲಿ ಎಲ್ಲಕ್ಕಿಂತ ಉಬ್ಬಿದ್ದ ಭಾಗದಲ್ಲಿ, ಅಂದರೆ ದೊರೆಯ ಮೂಗಿನ ತುದಿಯಲ್ಲಿ. ಪ್ರಜೆಗಳು ಅವನಿಗೆ ತಾಮ್ರಮೂಗಿನ ಮುದುಕ ಎಂದು ಹೆಸರಿಟ್ಟರು.

ಮೈ ಸುಳ್ಳು ಹೇಳುವುದರಿಂದಲೇ ಬೆಳ್ಳಿ ಪರೀಕ್ಷೆ ಸುಲಭವಲ್ಲ. ಚಿನ್ನಕ್ಕೆ ಒರೆಗಲ್ಲು ನಂಬಿಕಸ್ಥ. ಬೆಳ್ಳಿಯ ಗೆರೆಗಳು ಹತ್ತಿರ ಹತ್ತಿರದ ಮಟ್ಟಗಳಲ್ಲಿ ಒಂದೇ ತೆರನಾಗಿ ಕಂಡು ಮೋಸಮಾಡುತ್ತವೆ. ದೊಡ್ಡ ಅಂಗಡಿಗಳಲ್ಲಿ ಈಗ ಎಕ್ಸ್-ರೇ ಹಾಯಿಸಿ ಅರೆ ನಿಮಿಷದಲ್ಲಿ ಸಂಖ್ಯೆ ತೋರಿಸುವ ಯಂತ್ರವಿದೆ. ವಸ್ತುವನ್ನು ಕೆಡಿಸದಿರುವುದು ಅದರ ದೊಡ್ಡ ಗುಣ. ಆದರೆ ಅದು ಓದುವುದು ಕೂದಲೆಳೆಯ ದಪ್ಪಕ್ಕಿಂತಲೂ ಕಡಿಮೆ ಆಳವನ್ನು. ಹುಳಿಯಲ್ಲಿ ಕುದಿಸಿದ ಗೆಜ್ಜೆಗೂ, ಬೆಳ್ಳಿಯ ನೀರು ಕುಡಿಸಿದ ಹಿತ್ತಾಳೆಗೂ ಅದು ಒಳ್ಳೆಯ ಅಂಕವನ್ನೇ ಕೊಟ್ಟೀತು. ಒಂದು ಮೂಲೆಯಲ್ಲಿ ಅರದಿಂದ ಉಜ್ಜಿ, ಒಳಮೈ ತೋರಿಸಿ ಅಳೆಸಿದರೆ ಮಾತು ಬೇರೆ.

ಖಚಿತ ಉತ್ತರ ಬೇಕೆಂದರೆ ಚೂರು ಕತ್ತರಿಸಿ ಕರಗಿಸಲೇಬೇಕು. ಈ ವಿಧಾನಕ್ಕೊಂದು ಸೊಗಸಾದ ಇತಿಹಾಸವಿದೆ. ಸೀಸದೊಡನೆ ಕಾಯಿಸಿ ಬೆಳ್ಳಿ ಬೇರ್ಪಡಿಸುವ ಪುಟದ ಪದ್ಧತಿಯಲ್ಲಿ ಒಂದಿಷ್ಟು ಬೆಳ್ಳಿಯೂ ಕಳೆದುಹೋಗಿ ಲೆಕ್ಕ ಯಾವಾಗಲೂ ಕಡಿಮೆ ಬರುತ್ತಿತ್ತು. 1830ರ ದಶಕದಲ್ಲಿ ಫ್ರಾನ್ಸಿನ ರಸಾಯನ ವಿಜ್ಞಾನಿ ಗೇ-ಲುಸಾಕ್, ಪ್ಯಾರಿಸ್ ಟಂಕಸಾಲೆಗಾಗಿ ಬೇರೆ ದಾರಿ ಕಂಡುಕೊಂಡ. ಬೆಳ್ಳಿಯನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿ, ಅಳೆದ ಉಪ್ಪುನೀರನ್ನು ತೊಟ್ಟು ತೊಟ್ಟಾಗಿ ಬಿಡುವುದು. ಬಿಳಿ ಗಸಿ ಕೂರುವುದು ನಿಂತಾಗ ಎಷ್ಟು ಉಪ್ಪು ಹೋಯಿತೆಂದು ನೋಡುವುದು. ಅಡುಗೆಮನೆಯ ಉಪ್ಪು ಬೆಳ್ಳಿಯನ್ನು ಸಾವಿರದ ಲೆಕ್ಕದಲ್ಲಿ ಅಳೆಯಿತು. ಇಂದಿನ ಪರೀಕ್ಷಾ ಕೇಂದ್ರಗಳಲ್ಲಿ ಕಣ್ಣಿನ ಬದಲು ವಿದ್ಯುತ್ ಮಾಪಕ ನೋಡುತ್ತದೆ, ತತ್ವ ಅದೇ.

ಮತ್ತೆ ಕಾಲ್ಗೆಜ್ಜೆಗೆ ಬರೋಣ, ಏಕೆಂದರೆ ಸಾಮಾನ್ಯ ಮನೆಗಳ ಬೆಳ್ಳಿಯ ಹಣ ಹೆಚ್ಚಾಗಿ ಹೋಗುವುದು ಅಲ್ಲಿಗೆ. ಪೇಟೆಯಲ್ಲಿ ಸಿಗುವ ಗೆಜ್ಜೆಗಳು 80 ಟಚ್‌ನವೂ ಇವೆ, 60ರವೂ ಇವೆ, ಅದಕ್ಕೂ ಕೆಳಗಿನವೂ ಇವೆ. ಲೆಕ್ಕ ಸುಲಭವಾಗಲೆಂದು ಚೊಕ್ಕ ಬೆಳ್ಳಿ ಗ್ರಾಂಗೆ 200 ರೂಪಾಯಿ ಎಂದಿಟ್ಟುಕೊಳ್ಳೋಣ. 150 ಗ್ರಾಂ ತೂಕದ 65 ಟಚ್ ಜೋಡಿಯಲ್ಲಿರುವ ಬೆಳ್ಳಿ 97.5 ಗ್ರಾಂ, ಬೆಲೆ 19,500 ರೂಪಾಯಿ. ತೂಕಕ್ಕೆಲ್ಲ ಪೂರಾ ದರ ಹಾಕಿದರೆ 30,000. ನಡುವಿನ 10,500 ರೂಪಾಯಿ ಎಲ್ಲಿ ಹೋಯಿತು? ಸ್ವಲ್ಪ ಪಾಲು ನ್ಯಾಯವಾದ ಕೂಲಿ. ಸಗಟು ವ್ಯಾಪಾರದಲ್ಲಿ ಕೂಲಿಯನ್ನೂ ಟಂಚ್‌ನಲ್ಲೇ ಹೇಳುವ ರೂಢಿಯಿದೆ. ಸರಕು 65, ಲೆಕ್ಕ 75 ಎಂದರೆ ನಡುವಿನ ಹತ್ತು ಮಾಡಿದವನ ಮಜೂರಿ. ವ್ಯಾಪಾರಿ ವ್ಯಾಪಾರಿಗಳ ನಡುವೆ ಇದು ತೆರೆದ ಲೆಕ್ಕ, ಇಬ್ಬರಿಗೂ ಗೊತ್ತು. ಅದೇ ಸರಕು ಊರ ಪೇಟೆಯ ಗಾಜಿನ ಪೆಟ್ಟಿಗೆಗೆ ಬಂದಾಗ ಒಂದು ಸಂಖ್ಯೆ ಮಾಯವಾಗುತ್ತದೆ. "ಕೂಲಿ ಇಲ್ಲ, ವೇಸ್ಟೇಜ್ ಇಲ್ಲ, ಬರೀ ಬೆಳ್ಳಿ ರೇಟು" ಎಂಬ ಫಲಕ ಕಂಡರೆ ಗಿರಾಕಿ ಹಿಗ್ಗುವ ಬದಲು ಟಚ್ ಎಷ್ಟು ಎಂದು ಕೇಳುವುದು ಮೇಲು. ಕೂಲಿ ಇಲ್ಲದೆ ಯಾರೂ ಗೆಜ್ಜೆ ಮಾಡುವುದಿಲ್ಲ. ಅದು ತಾಮ್ರದೊಳಗೆ ಅಡಗಿ ಕೂತಿರುತ್ತದೆ.

ಹತ್ತು ವರ್ಷ ಕಳೆದು ಅದೇ ಗೆಜ್ಜೆಯನ್ನು ಹಳೆ ಬೆಳ್ಳಿಗೆ ಹಾಕುವಾಗ ನಿಜ ಹೊರಬೀಳುತ್ತದೆ. ಕರಗಿಸಿದ ಮೇಲೆ ಬಂದದ್ದಕ್ಕೆ ಮಾತ್ರ ದುಡ್ಡು. ಬೆಳ್ಳಿ ಕಿಲೋಗೆ ಅರವತ್ತು ಎಪ್ಪತ್ತು ಸಾವಿರ ಇದ್ದ ಕಾಲದಲ್ಲಿ ಜನ ಇದನ್ನು ಗೊಣಗಿಕೊಂಡು ಬಿಟ್ಟುಬಿಡುತ್ತಿದ್ದರು. 2025ರ ಡಿಸೆಂಬರಿನಲ್ಲಿ ಕಿಲೋ ಬೆಲೆ ಎರಡು ಲಕ್ಷ ದಾಟಿದ ಮೇಲೆ ಗೊಣಗಾಟ ಜಗಳವಾಗುವುದು ಸಹಜ.

ಬೆಳ್ಳಿಗೂ ಹಾಲ್‌ಮಾರ್ಕ್ ಇದೆ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಚಿನ್ನದ ಹಾಲ್‌ಮಾರ್ಕ್ 2000ದಲ್ಲಿ ಬಂದರೆ, ಬೆಳ್ಳಿಯದು 2005ರಲ್ಲಿ ಶುರುವಾಯಿತು. ಚಿನ್ನಕ್ಕೆ 2021ರ ಜೂನ್‌ನಿಂದ ಹಂತಹಂತವಾಗಿ ಕಡ್ಡಾಯವಾಯಿತು. ಬೆಳ್ಳಿಗೆ ಅದು ಐಚ್ಛಿಕವಾಗಿಯೇ ಉಳಿಯಿತು. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಐಎಸ್ 2112 ಎಂಬ ಮಾನದಂಡದಲ್ಲಿ ಮೊದಲು 990, 970, 925, 900, 835, 800 ಎಂಬ ಮಟ್ಟಗಳಿದ್ದವು. 2025ರ ಪರಿಷ್ಕರಣೆಯಲ್ಲಿ 999 ಮತ್ತು 958 ಸೇರಿದವು. 2025ರ ಸೆಪ್ಟೆಂಬರ್ 1ರಿಂದ ಹಾಲ್‌ಮಾರ್ಕ್ ಆದ ಬೆಳ್ಳಿಗೂ ಚಿನ್ನದಂತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಕೇತ ಬಂದಿದೆ. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾವ ವಸ್ತು, ಎಷ್ಟು ಶುದ್ಧತೆ ಎಂಬುದು ಫೋನಿನಲ್ಲೇ ಕಾಣುತ್ತದೆ. ಬ್ಯೂರೋದ ಗುರುತು, ಸಿಲ್ವರ್ ಎಂಬ ಪದ, ಶುದ್ಧತೆಯ ಸಂಖ್ಯೆ, ಸಂಕೇತ, ಇಷ್ಟೂ ಇದ್ದರೆ ಅದು ಹಾಲ್‌ಮಾರ್ಕ್. ಬರೀ 925 ಎಂದು ಕೊರೆದಿದ್ದರೆ ಅದು ಮಾಡಿದವನ ಮಾತು ಮಾತ್ರ; ಮಾತು ನಿಜವಿರಬಹುದು, ಸಾಕ್ಷಿಯಲ್ಲ.

ಈ ಪಟ್ಟಿ 800ಕ್ಕೆ ನಿಂತುಬಿಡುವುದನ್ನು ಗಮನಿಸಬೇಕು. ದೇಶದ ಎಷ್ಟೋ ಕಾಲ್ಗೆಜ್ಜೆಗಳು ಅದರ ಕೆಳಗಿವೆ, ಅವುಗಳಿಗೆ ಮುದ್ರೆ ಸಿಗುವಂತೆಯೇ ಇಲ್ಲ. ಮುದ್ರೆ ಕಡ್ಡಾಯವಾದ ದಿನ ಹುಪರಿ, ಸೇಲಂಗಳಂಥ ಊರುಗಳ ಗೆಜ್ಜೆಯ ಪಾಕ ಬದಲಾಗಲೇಬೇಕಾಗುತ್ತದೆ, ಇಲ್ಲವೇ ಮಾನದಂಡವೇ ಕೆಳಗಿಳಿಯಬೇಕಾಗುತ್ತದೆ. ಮೊದಲನೆಯದೇ ಆಗಲಿ ಎಂಬುದು ಗಿರಾಕಿಯ ಪರವಾದ ಮಾತು. ಗೆಜ್ಜೆ ಕೈಗೆಟಕುವ ಬೆಲೆಯಲ್ಲಿ ಉಳಿದೀತೇ ಎಂಬುದು ಬೇರೆ ಪ್ರಶ್ನೆ.

ಹಾಗಾದರೆ 999 ಎಲ್ಲಿ ಬೇಕು? ಬಾಯಿಗೆ ಹೋಗುವಲ್ಲಿ. ಕಾಜು ಬರ್ಫಿಯ ಮೇಲೆ ಅಂಟಿಸುವ ಬೆಳ್ಳಿ ರೇಕಿಗೆ ಆಹಾರ ಸುರಕ್ಷತಾ ನಿಯಮ ಕೇಳುವುದು ಕನಿಷ್ಠ 999ರ ಶುದ್ಧತೆ. ಚದರ ಮೀಟರಿಗೆ 2.8 ಗ್ರಾಂಗಿಂತ ಹೆಚ್ಚು ತೂಗುವಂತಿಲ್ಲ. ಪ್ರಾಣಿಯ ಚರ್ಮ, ಕರುಳುಗಳ ನಡುವೆ ಇಟ್ಟು ಬಡಿಯುವ ಹಳೆಯ ವಿಧಾನಕ್ಕೆ 2016ರಲ್ಲಿ ತಡೆ ಬಿತ್ತು. ವಿದ್ಯುತ್ ಹರಿಯುವಲ್ಲೂ ಬೇಕು. ಲೋಹಗಳಲ್ಲೆಲ್ಲ ವಿದ್ಯುತ್ತನ್ನೂ ಶಾಖವನ್ನೂ ಅತಿ ಚೆನ್ನಾಗಿ ಒಯ್ಯುವುದು ಬೆಳ್ಳಿ, ತಾಮ್ರದ್ದು ಎರಡನೇ ಸ್ಥಾನ. ಮನೆ ಮೇಲಿನ ಸೌರಫಲಕದಲ್ಲಿ ಕಾಣುವ ತೆಳ್ಳನೆಯ ಗೆರೆಗಳು ಬೆಳ್ಳಿಯ ಲೇಪದವು. ಈ ಗುಣ ಎಂಥ ಕಾಲದಲ್ಲಿ ನೆನಪಾಯಿತೆಂದರೆ, 1942ರಲ್ಲಿ ಅಣುಬಾಂಬ್ ಯೋಜನೆಯ ಎಂಜಿನಿಯರುಗಳಿಗೆ ಓಕ್ ರಿಜ್‌ನ ದೈತ್ಯ ವಿದ್ಯುತ್ಕಾಂತಗಳನ್ನು ಸುತ್ತಲು ಯುದ್ಧದ ನಡುವೆ ತಾಮ್ರ ಸಿಗಲಿಲ್ಲ. ಅಮೆರಿಕದ ಖಜಾನೆಯಿಂದ ಸುಮಾರು 13,300 ಟನ್ ಬೆಳ್ಳಿಯನ್ನು ಕಡ ತಂದು ಸುತ್ತಿದರು. ಟನ್ನುಗಳಲ್ಲಿ ಕೇಳಿದವರಿಗೆ ಖಜಾನೆಯ ಅಧಿಕಾರಿ, ಇಲ್ಲಿ ಬೆಳ್ಳಿಯನ್ನು ಔನ್ಸಿನಲ್ಲಿ ಮಾತ್ರ ಅಳೆಯುತ್ತೇವೆ ಎಂದು ಖಾರವಾಗಿ ತಿದ್ದಿದನಂತೆ. ಕಡದ ಕೊನೆಯ ಕಂತು ಹಿಂದಿರುಗಿದ್ದು 1970ರಲ್ಲಿ.

ಶೇಕಡಾವಾರು ಸಂಖ್ಯೆ ಬೇರೆಯದೇ ಅರ್ಥ ಕೊಡುವ ಜಾಗವೊಂದಿದೆ: ಜರಿ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಮೈಸೂರು ರೇಷ್ಮೆ ಸೀರೆಯ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇದೆ ಎನ್ನುತ್ತದೆ. 65 ಎಂದ ಕೂಡಲೇ ಕಳಪೆ ಗೆಜ್ಜೆಯ ಬೆಳ್ಳಿ ಎಂದುಕೊಂಡರೆ ತಪ್ಪಾಗುತ್ತದೆ. ಜರಿಯೆಂದರೆ ರೇಷ್ಮೆ ನೂಲಿನ ಸುತ್ತ ಚಪ್ಪಟೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನ ಹಾಯಿಸಿದ್ದು. ಲೆಕ್ಕ ಇಡೀ ದಾರದ ತೂಕದ್ದು, ಅದರಲ್ಲಿ ನೂಲೂ ಸೇರಿದೆ. ಕೂದಲಿನಷ್ಟು ತೆಳ್ಳಗೆ ಎಳೆಯಬೇಕಾದ ತಂತಿಗೆ ಒಳ್ಳೆಯ ಬೆಳ್ಳಿಯೇ ಬೇಕು. ಬೆಳ್ಳಿ ತಂತಿಯಲ್ಲೇ ಕುಸುರಿ ಮಾಡುವ ಕಟಕ್‌ನ ತಾರಕಸಿ ಕೆಲಸಕ್ಕೂ ಇದೇ ಮಾತು.

ಮನೆಬಳಕೆಗೆ ಬಂದರೆ ಆಯ್ಕೆ ಕಷ್ಟದ್ದಲ್ಲ. ಕೂಸಿಗೆ ಹಾಲು ಕುಡಿಸುವ ಒಳಲೆ, ಅನ್ನಪ್ರಾಶನದ ಬಟ್ಟಲು, ಚಮಚಗಳಿಗೆ 990 ಅಥವಾ 999 ಸರಿ. ತಾಮ್ರ ಹೆಚ್ಚಿದ್ದರೆ ಹುಳಿ ಪದಾರ್ಥ ತಾಗಿ ಕಿಲುಬು ಬಂದೀತು. ಇವು ಪೆಟ್ಟು ತಿನ್ನುವ ಸಾಮಾನಲ್ಲವಾದ್ದರಿಂದ ಮೆತ್ತಗಿದ್ದರೂ ನಡೆಯುತ್ತದೆ. ಪಂಚಪಾತ್ರೆ, ಉದ್ಧರಣೆ, ಹರಿವಾಣ, ದೀಪದ ಕಂಬಗಳು 925ರಲ್ಲಿದ್ದರೆ ಆಕಾರ ಕೆಡದೆ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತವೆ. ಕೊರಳಲ್ಲಿ ಸದಾ ತೂಗುವ ಲಿಂಗದ ಕರಡಿಗೆ, ಗುಂಡಗಡಿಗೆಗಳಿಗೂ ಇದೇ ಮಾತು: ಮುಚ್ಚಳ ಬಿಗಿಯಾಗಿ ಕೂರಬೇಕು, ಕೊಂಡಿ ಸವೆಯಬಾರದು, ಅದಕ್ಕೆ ಗಡಸುತನ ಬೇಕು. ಕಾಲುಂಗುರ, ಹರಳಿನ ಉಂಗುರಗಳಿಗೆ 925. ಹರಳನ್ನು ಹಿಡಿದ ಹಲ್ಲುಗಳು 999ರಲ್ಲಿದ್ದರೆ ಒಂದು ದಿನ ಹರಳು ಹೇಳದೆ ಹೋಗುತ್ತದೆ. ಹಣ ಕೂಡಿಡುವುದೇ ಉದ್ದೇಶವಾದರೆ ಒಡವೆಯ ಗೊಡವೆ ಬೇಡ, 999ರ ನಾಣ್ಯ ಅಥವಾ ಗಟ್ಟಿ. ಜರ್ಮನ್ ಸಿಲ್ವರ್ ಎಂಬ ಹೆಸರಿನ ಕುಂಕುಮದ ಬಟ್ಟಲಿನಲ್ಲಿ ಬೆಳ್ಳಿಯ ಸುಳಿವೇ ಇಲ್ಲ; ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಬೀದಿಬದಿಯ ಆಕ್ಸಿಡೈಸ್ಡ್ ಜುಮುಕಿಗಳದ್ದೂ ಹೆಚ್ಚುಕಡಿಮೆ ಅದೇ ಕಥೆ, ಬೆಲೆಯೇ ಹೇಳುತ್ತದೆ.

ಕಪ್ಪಾಗುವುದು ಬೆರಕೆಯ ಗುರುತು ಎಂಬ ನಂಬಿಕೆಯೂ ಅರ್ಧಸತ್ಯ. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿದರೆ 999ರ ಬೆಳ್ಳಿಯೂ ಕಪ್ಪಾಗುತ್ತದೆ, ತಾಮ್ರವಿದ್ದರೆ ಇನ್ನೂ ಬೇಗ. ಎಂದೂ ಕಪ್ಪಾಗದ ಬೆಳ್ಳಿ ಕಂಡರೆ ಅನುಮಾನಿಸಬೇಕಾದದ್ದು ಆಗ: ಮೇಲೆ ರೋಡಿಯಂ ಲೇಪ ಇರಬಹುದು, ಇಲ್ಲವೇ ಅದು ಬೆಳ್ಳಿಯೇ ಅಲ್ಲದಿರಬಹುದು. ವಿಭೂತಿ ಹಚ್ಚಿ ಉಜ್ಜುವ ಹಳೆಯ ಕ್ರಮ ಕಪ್ಪಿನ ಜೊತೆ ಒಂದಿಷ್ಟು ಬೆಳ್ಳಿಯನ್ನೂ ಕೆರೆದು ತೆಗೆಯುತ್ತದೆ. ಪಾತ್ರೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ, ಹಾಳೆಗೆ ತಾಗುವಂತೆ ಬೆಳ್ಳಿಯನ್ನು ಮುಳುಗಿಸಿಟ್ಟರೆ ಗಂಧಕ ಅಲ್ಯೂಮಿನಿಯಂ ಕಡೆಗೆ ಹೋಗಿ ಬೆಳ್ಳಿ ಇದ್ದಲ್ಲೇ ಉಳಿಯುತ್ತದೆ. ಕಪ್ಪು ಕುಸುರಿಯೇ ಅಂದವಾಗಿರುವ ಹಳೆಯ ಒಡವೆಗೆ ಮಾತ್ರ ಈ ಸ್ನಾನ ಮಾಡಿಸಬಾರದು.

ಇನ್ನು ಮುಂದೆ ಈ ಸಂಖ್ಯೆ ಅಂಗಡಿಗಿಂತ ಹೆಚ್ಚಾಗಿ ಬ್ಯಾಂಕಿನಲ್ಲಿ ಕೇಳಿಬರಬಹುದು. ಚಿನ್ನ, ಬೆಳ್ಳಿ ಅಡವಿನ ಸಾಲಕ್ಕೆ ರಿಸರ್ವ್ ಬ್ಯಾಂಕ್ 2025ರಲ್ಲಿ ಹೊರಡಿಸಿದ ನಿರ್ದೇಶನಗಳನ್ನು ಸಾಲ ಕೊಡುವ ಸಂಸ್ಥೆಗಳು ಜಾರಿಗೆ ತರಲು ಇಟ್ಟ ಗಡುವು 2026ರ ಏಪ್ರಿಲ್ 1. ಒಬ್ಬ ಸಾಲಗಾರ ಒಟ್ಟು 10 ಕಿಲೋವರೆಗೆ ಬೆಳ್ಳಿ ಆಭರಣ, 500 ಗ್ರಾಂವರೆಗೆ ಬೆಳ್ಳಿ ನಾಣ್ಯ ಅಡವಿಡಬಹುದು. ಗಟ್ಟಿ ಬೆಳ್ಳಿಗೆ ಅವಕಾಶವಿಲ್ಲ. ಬೆಲೆ ಕಟ್ಟುವುದು ಒಳಗಿರುವ ಬೆಳ್ಳಿಗೆ ಮಾತ್ರ, ಹರಳಿಗೂ ಕೂಲಿಗೂ ಅಲ್ಲ. ಸರಕಿನ ಶುದ್ಧತೆಗೆ ತಕ್ಕಂತೆ ದರವನ್ನು ಇಳಿಸಿ ಲೆಕ್ಕ ಹಾಕಬೇಕು. ಪರೀಕ್ಷೆ ಸಾಲಗಾರನ ಕಣ್ಣೆದುರೇ ನಡೆಯಬೇಕು. ಶುದ್ಧತೆ, ಒಟ್ಟು ತೂಕ, ನಿವ್ವಳ ತೂಕ, ಕಳೆದದ್ದೆಷ್ಟು ಎಂಬುದನ್ನು ಬರೆದ ಪತ್ರವನ್ನು ಅವನ ಕೈಗೆ ಕೊಡಬೇಕು. ಅಂಗಡಿಯ ರಸೀದಿಯಲ್ಲಿ ಬರೀ "ಬೆಳ್ಳಿ ಗೆಜ್ಜೆ, 150 ಗ್ರಾಂ" ಎಂದಿದ್ದದ್ದು ಆ ಪತ್ರದಲ್ಲಿ 97.5 ಎಂದಾಗುವಾಗ ಜಗಳವಾಡಬೇಕಾದದ್ದು ಬ್ಯಾಂಕಿನ ಸಿಬ್ಬಂದಿಯೊಡನೆಯಲ್ಲ. ಟಚ್ ಎಷ್ಟೆಂದು ರಸೀದಿಯ ಮೇಲೆ ಬರೆಸಿಕೊಳ್ಳುವ ಗಳಿಗೆ ಅದಕ್ಕಿಂತ ಎಷ್ಟೋ ಮೊದಲು, ಗೆಜ್ಜೆ ಕೊಂಡ ದಿನವೇ ಬಂದು ಹೋಗಿರುತ್ತದೆ.